ಬೀಗರನ್ನು ಬೈಯಲಾರದ ಗೌರಕ್ಕ

ನನ್ನ ಗೌರಕ್ಕಾ,

ಸತ್ತ ಮೇಲೆ ನೀನು ಮಾತಾಡಿದೆ ಅಂತ ಊರೆಲ್ಲ ಸುದ್ದಿ. ನಿನಗೇ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳ ಅಕ್ಷರ, ಸಾಲು ಡೊಂಕಾದರೆ ಬೈಯಬೇಡ. ಅಥವಾ ಬೈಯೇ ಬೈ, ನಿನ್ನ ಬೈಗುಳ ಕೇಳದೆ ನನ್ನ ಕಿವಿ ತುಕ್ಕು ಹಿಡಿದಿದೆ.

ಸಣ್ಣ ಸೊಸೆಯಾಗಿ ನಾನು ಈ ಮನೆಗೆ ಬಂದ ದಿನ ನೆನಪಿದೆಯಾ? ದೊಡ್ಡ ಸೊಸೆ ನೀನು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತಿದ್ದೆ. "ಏನೇ ನೀಲಿ, ಈ ಕಡ್ಡಿ ಕೈಯಾಗೆ ನೀನು ಕೊಡ ಹೊರ್ತೀಯೋ, ಕೊಡಾನೇ ನಿನ್ನ ಹೊರಬೇಕೋ?" ಅಂದೆ. ಎಲ್ಲರೂ ನಕ್ಕರು, ನನಗೆ ಅಳು ಬಂತು. ಊಟಕ್ಕೆ ಕೂತಾಗ ನೋಡಿದರೆ ನನ್ನ ರೊಟ್ಟಿಯ ಮೇಲೆ ಮಾತ್ರ ಬೆಣ್ಣೆ. ನಿನ್ನ ಪ್ರೀತಿ ಬೈಗುಳದ ಹಿಂದೆ ಬರುತ್ತದೆ ಅಂತ ತಿಳಿಯಲು ನನಗೆ ಎಷ್ಟು ಕಾಲ ಬೇಕಾಯಿತೋ...

ನಿನ್ನ ಮಗಳು ಶಾಂತಿಯ ಮದುವೆಯಲ್ಲಿ ನೀನು ಹಾಡಿದ ಬೀಗರ ಪದವನ್ನು ಇವತ್ತಿಗೂ ಜನ ನೆನೆಸಿಕೊಳ್ಳುತ್ತಾರೆ. ಆ ಬೀಗರ ಮನೆಯಲ್ಲಿ ಸೊಸೆಯಂದಿರು ಎಲ್ಲರ ಊಟ ಮುಗಿದ ಮೇಲೆ ಆರಿದ ಅನ್ನ ತಿನ್ನುವವರು ಅಂತ ನಿನಗೆ ಗೊತ್ತಿತ್ತು. ಎದುರಾ ಎದುರು ಹೇಳಿದ್ದರೆ ಸಂಬಂಧವೇ ಮುರಿಯುತ್ತಿತ್ತು. ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ಪದ ಕಟ್ಟಿ ಹಂಗಿಸಿದರೆ ಮಾತ್ರ ಯಾರೂ ಮುನಿಯುವ ಹಾಗಿಲ್ಲ, ಅದು ನಮ್ಮಲ್ಲಿ ನಡೆದು ಬಂದದ್ದು. ಕೇಳಿದವರು ಪದದಲ್ಲೇ ಉತ್ತರ ಕೊಡಬೇಕು. ನೀನು ಆ ಆರಿದ ಅನ್ನದ ಮೇಲೇ ಪದ ಹಾಡಿದೆ, ನಾನು ಹಿಂದಿನಿಂದ ಸೊಲ್ಲು ಎತ್ತಿಕೊಂಡೆ, ಬೀಗರು ಹೊಟ್ಟೆ ಹಿಡಿದು ನಕ್ಕರು. ಶಾಂತಿ ಆ ಮನೆಯಲ್ಲಿ ಒಂದು ದಿನವೂ ಆರಿದ ಅನ್ನ ತಿನ್ನಲಿಲ್ಲ.

ಈಗ ನಿನ್ನ ಮೊಮ್ಮಗಳು, ಮಂಜನ ಮಗಳು ಕಾವ್ಯಳ ಮದುವೆ ಆಯಿತು ಅಕ್ಕಾ. ಹುಡುಗ ಕುಪ್ಪಗಡ್ಡೆಯವನು, ಮಾತು ಕಮ್ಮಿ, ಗುಣ ಒಳ್ಳೇದು. ಅವನ ತಾಯಿ ಮಾತ್ರ ನಿಶ್ಚಿತಾರ್ಥದ ದಿನವೇ, "ಮದುವಿ ಆದ ಮೇಲೆ ಆ ಶಿರಾಳಕೊಪ್ಪದ ಶಾಲಿ ಕೆಲಸ ಯಾಕ್ರೀ? ಬಸ್ಸಿನಾಗೆ ಅಷ್ಟು ದೂರ! ಬಿಟ್ಟುಬಿಡ್ಲಿ" ಅಂದುಬಿಟ್ಟಳು. ನಿನ್ನ ಮಗ ಮಂಜ ತಲೆ ಕೆರೆದುಕೊಂಡ. ಕಾವ್ಯ ಕಾಲಿನ ಬೆರಳು ನೋಡುತ್ತಾ ಕೂತಳು. ಒಂದನೇ ಕ್ಲಾಸಿನ ಮಕ್ಕಳು ಅಂದರೆ ಆ ಹುಡುಗಿಗೆ ಜೀವ, ಗೊತ್ತಲ್ಲ ನಿನಗೆ.

ಅದೇ ವಾರ ಮಹಿಳಾ ಸಂಘದ ಮೀಟಿಂಗಿಗೆ ಶಿವಮೊಗ್ಗದಿಂದ ಒಬ್ಬ ಬಂದಿದ್ದ. ಎಐ ಅಂತೆ, ಮನುಷ್ಯನ ಹಾಗೆ ಯೋಚನೆ ಮಾಡೋ ಕಂಪ್ಯೂಟರು. ಇನ್ನು ಮೇಷ್ಟ್ರು ಬೇಡ, ವಕೀಲರು ಬೇಡ, ಡಾಕ್ಟರೂ ಬೇಡವಂತೆ. "ಅಲ್ಲಪ್ಪಾ, ಯಾರಾದ್ರೂ ಹೋದ್ರೆ ಹೊರೋಕೆ ನಾಕು ಹೆಗಲು ಬೇಕಲ್ಲ, ಅದಕ್ಕೂ ಏನಾದ್ರೂ ಬಂದೈತಾ?" ಅಂದೆ. "ಅಜ್ಜಿ, ನಿಮಗೆ ಅರ್ಥ ಆಗಲ್ಲ ಬಿಡಿ" ಅಂದ. ಅರ್ಥ ಮಾಡಿಸೋಕೆ ತಾನೇ ಕಾರು ಮಾಡಿಕೊಂಡು ಬಂದದ್ದು?

ಮಂಜನ ತಲೆಗೂ ಅದೇ ಹುಳ ಬಿಟ್ಟಿದ್ದ ಮದುವೆಯ ವಿಡಿಯೋದವನು. ನಿನ್ನ ಫೋಟೋ, ಫೋನಿನಲ್ಲಿ ನೀನು ಕಳಿಸುತ್ತಿದ್ದ ವಾಯ್ಸ್ ಮೆಸೇಜು ಕೊಟ್ಟರೆ ಸಾಕು, ಊಟದ ಹೊತ್ತಿಗೆ ಪರದೆ ಮೇಲೆ ನೀನೇ ಬಂದು ಬೀಗರ ಪದ ಹೇಳುತ್ತೀಯಂತೆ. ಸುಳ್ಳು ಹೇಳಲ್ಲ, ನನಗೂ ಆಸೆಯಾಯಿತು. ನಿನ್ನ ಧ್ವನಿ ಇನ್ನೊಂದು ಸಲ ಕೇಳುವುದು ಯಾರಿಗೆ ಬೇಡ? ಮಾಡಿ ತಂದವನು ಹಜಾರದಲ್ಲಿ ಫೋನು ಹಿಡಿದ. "ಕಾವ್ಯಾ" ಅಂದಿತು ನೋಡು. ಅದೇ ಒಡಕು, ಅದೇ ಎಳೆತ. ಆಮೇಲೆ ಅಂದಿತು: "ಗೌರವಾನ್ವಿತ ಬೀಗರೇ, ನೀವು ದೇವರಂಥವರು. ಆಗಮಿಸಿದ ಎಲ್ಲರಿಗೂ ಧನ್ಯವಾದಗಳು." ಅಕ್ಕಾ, ನೀನು ಹುಟ್ಟಿದಾಗಿನಿಂದ ಯಾರಿಗಾದರೂ ಧನ್ಯವಾದಗಳು ಅಂದಿದ್ದೆಯಾ? ನನಗೆ ನಗು ಕಿತ್ತುಕೊಂಡು ಬಂತು.

"ಚಿಕ್ಕಮ್ಮಾ, ಎಲ್ರೂ ಅಳ್ತಾ ಇದ್ರೆ ನಿಂಗೆ ನಗೂನಾ? ನಮ್ಮವ್ವ ಅದು!" ಅಂತ ಮಂಜ ರೇಗಿದ.

"ನಿಮ್ಮವ್ವ ಬೀಗರನ್ನ ದೇವರು ಅಂದಿದ್ರೆ ಆ ಬೀಗರೇ ಹೆದರಿ ಓಡಿ ಹೋಗ್ತಿದ್ರು ಕಣೋ" ಅಂದೆ.

ಊರಿಗೆ ಹಿಟ್ಟಿನ ಗಿರಣಿ ಬಂದಾಗ ನಾವಿಬ್ಬರೂ ಬೀಸುಕಲ್ಲನ್ನು ಹಿತ್ತಿಲಿಗೆ ಉರುಳಿಸಿ ಕುಣಿದಿದ್ದೆವಲ್ಲ? ಯಂತ್ರದ ಮೇಲೆ ನನಗೇನೂ ಹಗೆ ಇಲ್ಲ. ಆದರೆ ಆ ಗಿರಣಿ ಹಿಟ್ಟು ಬೀಸಿ ಸುಮ್ಮನಾಗುತ್ತಿತ್ತು. ಯಾವತ್ತೂ "ನಾನೇ ನಿಮ್ಮವ್ವ" ಅನ್ನಲಿಲ್ಲ. ಇದು ಅನ್ನುತ್ತದೆ. ಜನ ಹೌದು ಅಂತ ಕೈ ಮುಗಿಯುತ್ತಾರೆ.

ಮದುವೆಗೆ ಮುಂಚಿನ ಒಂದು ಬೆಳಗ್ಗೆ ಕಾವ್ಯ ಹೂ ಕಟ್ಟುತ್ತಾ ನನ್ನ ಹತ್ತಿರ ಕೂತಳು. "ಸಣ್ಣಜ್ಜಿ, ನಾ ಶಾಲೆ ಬಿಡ್ತೀನಿ. ಅಜ್ಜಿನೂ ಸರಿ ಅಂದ್ರು."

"ಯಾವ ಅಜ್ಜಿನೇ?"

ವಿಡಿಯೋದವನು ಅವಳ ಫೋನಿಗೆ ಇನ್ನೊಂದು ಹಾಕಿ ಕೊಟ್ಟಿದ್ದನಂತೆ, ಕೇಳಿದ್ದಕ್ಕೆ ನಿನ್ನ ಧ್ವನಿಯಲ್ಲಿ ಉತ್ತರ ಕೊಡುವಂಥದ್ದು. ದಿನಾ ಅದರ ಹತ್ತಿರ ಕಷ್ಟಸುಖ ಹೇಳಿಕೊಳ್ಳುತ್ತಿದ್ದಳು ಹುಡುಗಿ. ನಮ್ಮ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. "ನನ್ನ ಮುಂದೆ ಕೇಳು ನೋಡೋಣ" ಅಂದೆ. ಕೇಳಿದಳು. "ಹೊಂದಿಕೊಂಡು ಹೋಗುವುದು ಒಳ್ಳೆಯ ನಿರ್ಧಾರ ಮಗಳೇ" ಅಂದಿತು. "ಈಗ ಬಿಡಲ್ಲ ಅಂತ ಹೇಳು" ಅಂದೆ. ಹೇಳಿದಳು. "ತುಂಬಾ ಒಳ್ಳೆಯ ನಿರ್ಧಾರ, ನಿನ್ನ ಬಗ್ಗೆ ಹೆಮ್ಮೆಯಾಗುತ್ತದೆ ಮಗಳೇ" ಅಂದಿತು.

ಕಾವ್ಯಳ ಕೈಯಲ್ಲಿ ದಾರ ಹಾಗೇ ನಿಂತಿತು. ಫೋನನ್ನು ಮಗುಚಿಟ್ಟು, "ಅಜ್ಜಿ ಇದ್ದಿದ್ರೆ ಏನನ್ನೋರು?" ಅಂತ ಕೇಳಿದಳು.

"ಮೊದ್ಲು, ನಿನಗೇನು ಬೇಕು ಹೇಳೇ ಮೂದೇವಿ ಅನ್ನೋಳು."

ಅತ್ತುಬಿಟ್ಟಳು ಅಕ್ಕಾ. "ನಂಗೆ ಶಾಲೆ ಬೇಕು" ಅಂದಳು.

ಹಿಂದೊಮ್ಮೆ ನಾವಿಬ್ಬರೂ ಗುಡವಿ ಕಡೆ ಒಂದು ಮದುವೆಗೆ ಹೋಗಿದ್ದೆವು, ಹಕ್ಕಿ ಕೆರೆ ತೋರಿಸಿ ಕರೆದುಕೊಂಡು ಬಂದರಲ್ಲ, ಅದು. ದಾರಿಯುದ್ದಕ್ಕೂ ನೀನು ಬೀಗಿತ್ತಿಯ ಮೇಲೆ ಖಾರದ ಪದ ಕಟ್ಟಿದ್ದೆ. ಪಂಕ್ತಿಯಲ್ಲಿ ಅವಳ ಮುಖ ನೋಡಿದವಳೇ ಅದನ್ನು ನುಂಗಿದೆ. ಅವಳ ತಮ್ಮ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ ಅಂತ ಆಮೇಲೆ ತಿಳಿಯಿತು. "ಮೊದ್ಲು ಮುಖ ನೋಡ್ಬೇಕು ನೀಲಿ, ಪದ ಆಮ್ಯಾಲೆ" ಅಂದಿದ್ದೆ. ಆ ಪರದೆ ಯಾರ ಮುಖ ನೋಡೀತು? ಎದುರಿಗಿರುವವರು ಅಳುತ್ತಿದ್ದಾರೋ ನಗುತ್ತಿದ್ದಾರೋ ಅದಕ್ಕೇನು ಗೊತ್ತು?

ಮದುವೆ ದಿನ ನಾನು ಬೇಡ ಅಂದರೂ ಮಂಜ ಕೇಳಲಿಲ್ಲ, ಪರದೆ ಹಾಕಿಸಿಯೇಬಿಟ್ಟ. ಪಂಕ್ತಿ ಕೂತಿತು. ನೀನು ಬಂದೆ, ರೇಷ್ಮೆ ಸೀರೆ ಉಟ್ಟು, ಬಾಯಿ ತುಂಬ ಹಲ್ಲಿಟ್ಟುಕೊಂಡು. ಎಲ್ಲರನ್ನೂ ಹೊಗಳಿದೆ. ಕೆಲವರು ಕಣ್ಣೊರೆಸಿಕೊಂಡರು, ಕೆಲವರು ಫೋನು ಎತ್ತಿ ಹಿಡಿದರು. ಬೀಗಿತ್ತಿ ಕೈ ಮುಗಿದಳು, ಮುಗಿದ ಕೈ ಎಷ್ಟು ಹೊತ್ತಿಗೆ ಇಳಿಸಬೇಕು ಅಂತ ತಿಳಿಯದೆ ಅಕ್ಕಪಕ್ಕ ನೋಡಿದಳು. ಪರದೆಗೆ ಉತ್ತರ ಕೊಡೋದು ಹೇಗೆ? ಚಪ್ಪಾಳೆ ಬಿತ್ತು. ಆಮೇಲೆ ಎಲ್ಲರೂ ತಲೆ ಬಗ್ಗಿಸಿ ಎಲೆಗೆ ಕೈ ಹಾಕಿದರು.

ನಾನು ಕಾವ್ಯಳ ಕಡೆ ನೋಡಿದೆ. ಬಾಸಿಂಗದ ಕೆಳಗಿನಿಂದಲೇ ಕಣ್ಣು ಮಿಟುಕಿಸಿ ಹೂಂ ಅಂತ ತಲೆ ಆಡಿಸಿದಳು. ಬೀಗಿತ್ತಿಯ ಮುಖ ನೋಡಿದೆ. ದುಃಖ ಇಲ್ಲ, ಬಿಂಕ ಇದೆ, ಎಲೆಯ ಮೇಲೆ ಹಪ್ಪಳದ ಗುಡ್ಡೆ ಇದೆ. ಜನ್ಮವೆಲ್ಲ ನಿನ್ನ ಹಿಂದೆ ಸೊಲ್ಲು ಎತ್ತಿಕೊಂಡವಳು, ಮುಂದೆ ಹೇಳಿದವಳಲ್ಲ. ಆದರೂ ಎದ್ದು ನಿಂತೆ.

ಬಿಂಕದ ಬೀಗಿತ್ತಿ, ಬೇಗ ಬಂದಿ ಪಂಕ್ತಿಗೆ
ಮಂಕರಿ ಹಪ್ಪಳ ಮುಗಿಸೀದಿ, ನಮ್ಮ ಕೂಸ
ಶಾಲಿಗೆ ಕಳಿಸಾಕ ಮುನಿಬ್ಯಾಡ

ಧ್ವನಿ ಎರಡು ಕಡೆ ಒಡೆಯಿತು. ಮಂಜ ಬೆವರು ಒರೆಸಿಕೊಂಡ. ಬೀಗಿತ್ತಿ ತುತ್ತು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ಅಳೆದಳು. ನೀರು ಕುಡಿದಳು. ಇನ್ನು ಸಂಬಂಧ ಕೆಟ್ಟಿತು ಅಂದುಕೊಂಡೆ. ಆಗ ಕೂತಲ್ಲಿಂದಲೇ ಎತ್ತಿದಳು ನೋಡು, ಎಂಥ ಕಂಠ!

ಹಪ್ಪಳ ಎಣಿಸ್ಕೋತ ನಿಂತ ಹಲ್ಲಿಲ್ಲದ ಮುದುಕೀ
ಸೊಪ್ಪಿನ ಪಲ್ಯಾಕ ಉಪ್ಪಿಲ್ಲ, ನಿಮ್ಮ ಕೂಸ
ತಪ್ಪದೆ ಶಾಲಿಗೆ ಕಳಿಸೇನ

ಚಪ್ಪರ ಹಾರಿಹೋಗುವ ಹಾಗೆ ನಕ್ಕರು. ಅಷ್ಟು ಜನರ ಮುಂದೆ ಪದದಲ್ಲಿ ಒಪ್ಪಿದ ಮೇಲೆ ಹಿಂದೆ ಸರಿಯೋ ಹಾಗಿಲ್ಲವಲ್ಲ. ನಾವಿಬ್ಬರೂ ಬಿಡಲಿಲ್ಲ, ಪಾಯಸ ಆರಿಹೋಗುವವರೆಗೂ ಜಗಳ. ವಿಡಿಯೋದವನು ಬಾಯಿ ತೆರೆದುಕೊಂಡು ನಿಂತಿದ್ದ, ಪಾಪ.

ನಿನ್ನೆ ಕಾವ್ಯ ಬಸ್ಸಿನಿಂದಲೇ ಫೋನು ಮಾಡಿದ್ದಳು. ಮದುವೆಯಾದ ಮೇಲೆ ಮೊದಲ ದಿನ ಶಾಲೆಗೆ ಹೊರಟಿದ್ದಾಳೆ. ಬಾಗಿಲಲ್ಲಿ ಅತ್ತೆ ಬುತ್ತಿ ಕೈಗಿಟ್ಟಳಂತೆ. "ನಿಮ್ಮ ಸಣ್ಣಜ್ಜಿಗೆ ಹೆದರಿ ಕಟ್ಟಿಕೊಟ್ಟೆ ಅಂದ್ಕೋಬ್ಯಾಡ, ರೊಟ್ಟಿ ಉಳಿದಿದ್ವು" ಅಂದಳಂತೆ. ಬಿಚ್ಚಿ ನೋಡಿದರೆ ರೊಟ್ಟಿ ಇನ್ನೂ ಬಿಸಿ ಇದ್ದವಂತೆ, ಅಕ್ಕಾ.

ನಿನಗೆ ಸರಿಜೋಡಿ ಬೀಗಿತ್ತಿ ಸಿಕ್ಕಿದ್ದಾಳೆ. ನೀನೇ ಇಲ್ಲ.

ನಿನ್ನ ನೀಲಿ