ಹೊಸ್ತಿಲ ಉಪ್ಪು

ಯೋಶಿನೊಬು ಅವರೇ,

ನಿಮ್ಮನ್ನು ದಹನಗೃಹದಲ್ಲಿ ಬೀಳ್ಕೊಟ್ಟು ಇಂದು ಮಧ್ಯಾಹ್ನ ಮರಳಿದೆವು. ಮಗ ಶಿಗೆಕಿಯನ್ನು ವ್ಯಸನಮುಕ್ತಿ ಕೇಂದ್ರದಿಂದ ಕರೆತಂದು ಮನೆಯಲ್ಲೇ ಇರಿಸಿಕೊಳ್ಳಬೇಕೆಂದು ನೀವು ಕೊನೆಯಲ್ಲಿ ಕೇಳಿಕೊಂಡಿರಿ. ಕರೆತಂದೆ, ಆದರೆ ನಂಬಲಿಲ್ಲ. ಕಡ್ಡಿಗಳಿಂದ ನಿಮ್ಮ ಅಸ್ಥಿ ಆಯುವಾಗಲೂ ಶಿಗೆಕಿಯ ಕೈಗಳನ್ನೇ ಗಮನಿಸುತ್ತಿದ್ದೆ. ಆಗ ಅವು ನಡುಗಲಿಲ್ಲ.

ಮನೆಯ ಹೊಸ್ತಿಲಲ್ಲಿ ನಡುಗಿದವು. ಮುಷ್ಟಿ ಬಿಗಿಹಿಡಿದು, ಬೆವರುತ್ತ, ಹೊರಗೇ ನಿಂತಿದ್ದ.

"ಕೈ ಬಿಚ್ಚು," ಎಂದೆ.

"ಏನಿಲ್ಲಮ್ಮ, ನೀನು ಒಳಗೆ ಹೋಗು."

"ಅಪ್ಪನ ಅಸ್ಥಿ ಇನ್ನೂ ಬೆಚ್ಚಗಿದೆ ಕಣೋ. ಇವತ್ತೂ ಬೇಕಾಯ್ತಾ ನಿಂಗೆ?"

"ಮನೇಲೂ ಟೀಚರೇ, ಪರೀಕ್ಷೇಲಿ ಚೀಟಿ ಹಿಡಿಯೋ ಚಾಳಿ ಬಿಡಲ್ವಲ್ಲ ನೀನು!" ಎಂದು ನಕ್ಕು ಅಂಗೈ ಬಿಡಿಸಿದ.

ಪುಟ್ಟ ಪೊಟ್ಟಣ, ಒಳಗೆ ಬಿಳಿಯ ಹರಳುಗಳು. ಸಾವಿನ ಸೂತಕ ಒಳಗೆ ಬಾರದಿರಲೆಂದು ಮೈಮೇಲೆ ಎರಚಿಕೊಳ್ಳಲು ಅಂತ್ಯಕ್ರಿಯೆಯಲ್ಲಿ ಎಲ್ಲರಿಗೂ ಕೊಟ್ಟಿದ್ದ ಉಪ್ಪು.

"ಉಪ್ಪು ಅಂತ ನಂಗೊತ್ತು. ನನ್ನ ಮಿದುಳಿಗೆ ಗೊತ್ತಿಲ್ಲ. ಇಂಥ ಪೊಟ್ಟಣ ಕಂಡ್ರೆ ಸಾಕು, ಡ್ರಗ್ಸ್ ಬಂತು ಅಂತ ಆಸೆ ಕೆರಳಿಸೋ ಡೋಪಮೈನ್ ಉಕ್ಕುತ್ತಂತೆ. ಡ್ರಗ್ಸ್ ಬಿಟ್ಟು ವರ್ಷಗಳಾದ್ರೂ ಆ ಪಾಠ ಅಳಿಸಿಹೋಗಲ್ವಂತೆ, ಡಾಕ್ಟರು ಹೇಳಿದ್ರು. ನನ್ನ ಕೈಲಾಗಲ್ಲ, ನೀನೇ ಎರಚಮ್ಮ."

ಅವನು ತಲೆ ತಗ್ಗಿಸಿ ನಿಂತ. ನಾನು ಪೊಟ್ಟಣ ಹರಿದೆ. ಎರಚುವ ಮೊದಲು, ಉಪ್ಪು ಹೌದೇ ಎಂದು ಒಂದು ಹರಳನ್ನು ನಾಲಿಗೆಗೆ ಮುಟ್ಟಿಸಿದೆ. ಅಷ್ಟರಲ್ಲಿ ಅವನು ತಲೆ ಎತ್ತಿದ.

ಉಪ್ಪು ಎರಚಿಸಿಕೊಂಡು ಒಳಗೆ ಬಂದ. ನಿಮ್ಮ ಭಾವಚಿತ್ರಕ್ಕೆ ಊದುಬತ್ತಿ ಹಚ್ಚಿ, ಸಂಜೆಯ ರೈಲಿಗೆ ಕೇಂದ್ರಕ್ಕೇ ಹಿಂದಿರುಗಿದ. ಮಹಡಿಯ ಕೋಣೆಯಲ್ಲಿ ಬೆಳಿಗ್ಗೆಯೇ ಅವನ ಹಾಸಿಗೆ ಹಾಸಿಟ್ಟಿದ್ದೆ. ಅದನ್ನಿನ್ನು ಮಡಿಸಬೇಕು.

ಹಾರುಯೊ