ಅಡ್ಮಿರಲ್ ಥ್ರೆಲ್ಕೆಲ್ಡ್ ಅವರ ಕಣ್ಣು

೧೪ ನವೆಂಬರ್ ೧೯೧೩, ಸ್ಕಾಪಾ ಫ್ಲೋ ಬಂದರು

ರಾತ್ರಿಯೂಟದ ಮೇಜಿನ ಮೇಲೆ ಚೆಲ್ಲಿದ ವೈನ್ ಇನ್ನೂ ಕಣ್ಣ ಮುಂದಿದೆ. ಅಡ್ಮಿರಲ್ ಲೋಟದ ಪಕ್ಕಕ್ಕೆ ಸುರಿದರು, ಸುರಿಯುತ್ತಲೇ ಇದ್ದರು. ಮಧ್ಯಾಹ್ನ ಅವರು, ಲಂಗರು ಹಾಕಿದ್ದ ಹಡಗೊಂದನ್ನು ತೋರಿಸಿ “ಆ ಬಂಡೆ ಯಾವುದು?” ಎಂದು ಕೇಳಿದ್ದು ತಮಾಷೆಯಲ್ಲವೆಂದು ಆಗ ಹೊಳೆಯಿತು.

ಉಳಿದ ಅಧಿಕಾರಿಗಳು ಎದ್ದುಹೋದ ಮೇಲೆ ಬಾಗಿಲು ಹಾಕಿದೆ.

“ಯಾವಾಗಿಂದ ಸರ್?”

“ಬೇಸಿಗೆಯಿಂದ. ಬಾಯಿ ಮುಚ್ಕೊಂಡಿರು, ಆಂಬ್ರೋಸ್. ನಾಳೆ ಕವಾಯತು ಮುಗಿಸಿ ನಾನೇ ರಾಜೀನಾಮೆ ಕೊಡ್ತೀನಿ.”

“ನಾಳೆ ನಿಮ್ಮ ಅಪ್ಪಣೆ ಮೇಲೆ ಎರಡು ಸಾಲು ಹಡಗು ಎದುರುಬದುರು ಬರ್ತವೆ.”

“ನಲವತ್ತು ವರ್ಷ ಈ ಸಮುದ್ರದ ಮೇಲೆ ಬದುಕಿದೀನಯ್ಯ. ಕಣ್ಮುಚ್ಚಿ ನಡೆಸ್ತೀನಿ.”

“ಹಡಗುಗಳಲ್ಲಿ ಜನ ಇದಾರೆ, ಸರ್.”

ಅವರು ನಕ್ಕು ನನ್ನ ಭುಜ ತಟ್ಟಲು ಕೈ ಚಾಚಿದರು. ಕೈ ಗಾಳಿಯಲ್ಲೇ ತಡಕಾಡಿತು. ಹುಡುಗನಾಗಿದ್ದ ನನಗೆ ಹಗ್ಗದ ಗಂಟು ಕಲಿಸಿದ ಕೈ ಅದು. ತಾಳಲಾರದೆ ಒಂದು ಹೆಜ್ಜೆ ಮುಂದೆ ಹೋಗಿ ಭುಜ ಕೊಟ್ಟೆ. ಯಾರಿಗೂ ಹೇಳುವುದಿಲ್ಲವೆಂದು ಮಾತನ್ನೂ ಕೊಟ್ಟೆ. ಈ ಹಡಗಿನ ಕ್ಯಾಪ್ಟನ್ ನಾನು, ಮೇಲಿನವರಿಗೆ ಹೇಳಬೇಕಾದವನೂ ನಾನೇ.

ಹೊರಗೆ ಮಂಜು ಇಳಿಯುತ್ತಿದೆ. ಪಕ್ಕದ ಹಡಗಿನ ದೀಪ ಈಗ ನನಗೂ ಕಾಣುತ್ತಿಲ್ಲ. ಬೆಳಿಗ್ಗೆ ಅವರ ಪಕ್ಕದಲ್ಲೇ ನಿಂತು ಕಂಡದ್ದನ್ನೆಲ್ಲ ಕಿವಿಯಲ್ಲಿ ಹೇಳುತ್ತಿರುತ್ತೇನೆ. ಅವರು ನನ್ನ ಮಾತು ಕೇಳದೇ ಹೋದರೆ, ಆ ಹಡಗುಗಳಲ್ಲಿರುವ ಜನ…