ನೀಲವ್ವ ಚೆಲ್ಲದ ಹೆಪ್ಪು

ಕೆಂಜೂರು, ಮಂಗಳಗ್ರಹ
ಚೈತ್ರ ಮಾಸದ ಐವತ್ತೊಂದನೇ ದಿನ. ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೩೯೧

ಮುನ್ನೂರೈವತ್ತು ವರ್ಷ ಹಿಂದಿನ ನನ್ನ ಹಿರಿಯರಿಗೆ ಶಾಲೆಯ ಪ್ರಮೀಳಾ ಅಕ್ಕೋರು ಮಾಡುವ ಶರಣು. ತಾರೀಖು ಕಂಡು ಹುಬ್ಬೇರಿಸಬೇಡಿ; ಇಲ್ಲಿ ವರ್ಷವೂ ದೊಡ್ಡದು, ತಿಂಗಳೂ ಉದ್ದ. ಮುಂದೆ ಬರುವ ವರ್ಷಗಳನ್ನು ಮಾತ್ರ ನಿಮ್ಮ ಲೆಕ್ಕದಲ್ಲೇ ಹೇಳಿದ್ದೇನೆ. ಕೆಲವು ಪದಗಳು ವಿಚಿತ್ರವೆನಿಸಿದರೆ ಮುದುಕಿಯ ಗೊಣಗಾಟವೆಂದುಕೊಂಡು ಕ್ಷಮಿಸಿ.

ನಾವು ಭೂಮಿಯನ್ನು ತವರು ಎನ್ನುತ್ತೇವೆ. ನಮ್ಮನ್ನು ಆಳುತ್ತಿದ್ದವರು ಅಲ್ಲಿನ ತವರುಮಂಡಳಿಯವರು. ಅಮೆರಿಕದ ವಲಸಿಗರು ಬ್ರಿಟಿಷರ ಆಳ್ವಿಕೆ ಕಳಚಿಕೊಂಡ ಪಾಠವನ್ನು ಮೂವತ್ತು ವರ್ಷ ಕಲಿಸಿದ್ದೇನೆ. ಚಹಾದ ಮೇಲಿನ ತೆರಿಗೆಗೆ ಸಿಟ್ಟಾದರು ಎಂದು ಹೇಳಿ ಪುಟ ತಿರುವುತ್ತಿದ್ದೆ. ಅವರೂ ಮೊದಮೊದಲು ರಾಜನಿಗೆ ವಿನಯದ ಅರ್ಜಿಗಳನ್ನೇ ಬರೆದಿದ್ದರು ಎಂಬ ಸಾಲನ್ನು ಮಕ್ಕಳಿಂದ ಓದಿಸಿಯೂ ಇರಲಿಲ್ಲ. ಆ ಸಾಲಿನ ಅರ್ಥ ನನ್ನ ತಲೆಗೆ ಹೊಳೆದದ್ದು ಮೊಸರಿನ ದೆಸೆಯಿಂದ.

ಇಲ್ಲಿ ಹಸುವಿಲ್ಲ, ತೊಟ್ಟಿಯಲ್ಲಿ ತಯಾರಾಗುವ ಹಾಲಿಗೆ ತೊಟ್ಟಿಹಾಲು ಎನ್ನುತ್ತೇವೆ. ಮೊದಲ ಹಡಗಿನವರು ಹೆಪ್ಪನ್ನೂ ತಂದಿದ್ದರು. ಮನೆಯಲ್ಲಿ ಮುಗಿದರೆ ಬಟ್ಟಲು ಹಿಡಿದು ನೆರೆಮನೆಗೆ ಹೋಗುವುದು ರೂಢಿ, ಕೇಳಿದವರಿಗೆ ಇಲ್ಲವೆನ್ನಬಾರದು. ಎರಡು ವರ್ಷದ ಹಿಂದೆ ಮಂಡಳಿಯ ಆಜ್ಞೆ ಬಂತು: ಮನೆಯ ಹೆಪ್ಪು ಅಶುದ್ಧ, ಎಲ್ಲರೂ ಚೆಲ್ಲಬೇಕು, ತವರಿನಿಂದ ಬರುವ ಪುಡಿಯಿಂದಲೇ ಮೊಸರು ಮಾಡಬೇಕು. ಊರಿನ ಅರ್ಜಿ ಬರೆಯುವವಳು ನಾನೇ. ‘ನಿಮ್ಮ ವಿಧೇಯ ಮಕ್ಕಳು’ ಎಂದು ಹನ್ನೊಂದು ಬರೆದೆ. ಹತ್ತಕ್ಕೆ ಉತ್ತರವಿಲ್ಲ, ಹನ್ನೊಂದನೆಯದಕ್ಕೆ, ಇನ್ನು ಬರೆಯಬೇಡಿ ಎಂದು ಉತ್ತರ. ತವರಿನ ಮಾತು ಮೀರಬಾರದೆಂದು ಮನೆಮನೆಗೆ ಹೋಗಿ ಹೇಳಿ, ಅವ್ವ ಬಿಟ್ಟುಹೋದ ಹೆಪ್ಪನ್ನು ಕೈಯಾರೆ ಚೆಲ್ಲಿದೆ. ಅವ್ವ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಪುಡಿಯ ಹಡಗು ಒಂದೇ ಸಲ ಬಂತು, ಆಮೇಲೆ ಪತ್ತೆಯಿಲ್ಲ. ಆ ಪುಡಿಯ ಮೊಸರನ್ನೇ ಹೆಪ್ಪು ಹಾಕಿದರೆ ಹಾಲು ಮೊಸರಾಗುತ್ತಿರಲಿಲ್ಲ. ವರ್ಷವಿಡೀ ಮೊಸರಿಲ್ಲದೆ ಉಂಡು ಊರಿಗೆ ಊರೇ ಮುಖ ಗಂಟಿಕ್ಕಿಕೊಂಡಿತ್ತು. ಒಂದು ಮಧ್ಯಾಹ್ನ, ಇಲ್ಲೇ ಠಿಕಾಣಿ ಹೂಡಿದ್ದ ಮಂಡಳಿಯ ಅಧಿಕಾರಿ ತೊಂಬತ್ತರ ನೀಲವ್ವಜ್ಜಿಯ ಮನೆಯಲ್ಲಿ ಉಂಡ. ಮೊಸರನ್ನ ಎರಡು ಸಲ ಬಡಿಸಿಕೊಂಡು, ತವರಿನ ಪುಡಿಯ ರುಚಿಯೇ ಬೇರೆ ಎಂದು ಬೀದಿಯುದ್ದಕ್ಕೂ ಹೊಗಳಿದ. ಪುಡಿ ಮುಗಿದು ವರ್ಷವಾದದ್ದು ಪುಣ್ಯಾತ್ಮನಿಗೆ ನೆನಪಿರಲಿಲ್ಲ, ನಮಗಿತ್ತು. ಉಪ್ಪಿನಕಾಯಿ ಜಾಡಿಗಳ ಹಿಂದೆ ಬಚ್ಚಿಟ್ಟು, ದಿನಾ ಹೊಸ ಹಾಲಿಗೆ ಹಾಕುತ್ತ, ಅಜ್ಜಿ ತನ್ನ ಹೆಪ್ಪನ್ನು ಉಳಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಆಕೆಯ ಬಾಗಿಲಲ್ಲಿ ಬಟ್ಟಲುಗಳ ಸಾಲು. ಕೊನೆಯಲ್ಲಿ ನಾನು, ತಲೆ ತಗ್ಗಿಸಿಕೊಂಡು.

“ಬಟ್ಟಲಾ ಇಲ್ಲಿ ತರ್ರಿ ಅಕ್ಕೋರ,” ಎಂದಳು ನೀಲವ್ವ. “ನಾಚಾಕ ಏನೈತಿ? ಇದು ನಿಮ್ಮವ್ವನ ಮನೀ ಹೆಪ್ಪ. ನಾ ಲಗ್ನಾಗಿ ಬಂದ ವರ್ಷ ಆಕಿನ ಕೊಟ್ಟಿದ್ಲು.”

ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಳುವೂ ನಗುವೂ ಒಟ್ಟಿಗೇ ಬಂದವು. ಸಂಜೆ ಊರು ಕೂಡಿ, ಹನ್ನೆರಡನೆಯ ಪತ್ರವನ್ನೂ ನೀವೇ ಬರೆಯಿರಿ ಎಂದಿತು. ಅದರಲ್ಲಿ ಬೇಡಿಕೆ ಇರಲಿಲ್ಲ. ಇನ್ನು ನಮ್ಮ ಆಡಳಿತ ನಾವೇ ನೋಡಿಕೊಳ್ಳುತ್ತೇವೆ, ಹಬ್ಬಕ್ಕೆ ಬನ್ನಿ, ಮೊಸರನ್ನ ಬಡಿಸುತ್ತೇವೆ ಎಂದಷ್ಟೇ ಬರೆದೆ. ‘ವಿಧೇಯ’ ಎಂದು ಬರೆಯಹೋದ ಕೈಯನ್ನು ಮಾತ್ರ ಎರಡು ಸಲ ತಡೆಯಬೇಕಾಯಿತು.

ನಿಮ್ಮಲ್ಲೊಂದು ಕೋರಿಕೆ. ಈ ಹೆಪ್ಪು ನಿಮ್ಮಲ್ಲೇ ಯಾರದೋ ಅಡುಗೆಮನೆಯಿಂದ ಹೊರಟು ಬಂದದ್ದು, ಯಾರದೆಂದು ನಮಗೆ ತಿಳಿಯದು. ಆದ್ದರಿಂದ ಇವತ್ತು ಯಾರಾದರೂ ಬಟ್ಟಲು ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ಇಲ್ಲವೆನ್ನಬೇಡಿ.

ನಿಮ್ಮ ಮಗಳು,
ಪ್ರಮೀಳಾ